ಬಾಂಡ್ಲಿ ಹೊತ್ತವರಿಗೆ ಕರಣೆ ಏಕಿಲ್ಲ?

ಮಾನ್ಯರೇ,

ಸಿವಿಲ್ ಡಿಪ್ಲೊಮಾ ಮುಗಿಸಿದ ನಿಮ್ಮ ಮಗಳು ಕಟ್ಟಡದ ಸೈಟಿನಲ್ಲೇ ಕೆಲಸ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ; ನೆಂಟರು 'ಅದು ಹೆಣ್ಣುಮಕ್ಕಳ ಕೆಲಸವಲ್ಲ' ಎನ್ನುತ್ತಿದ್ದಾರೆ; ಹೀಗಿರುವಾಗ ಹೆಣ್ಣುಮಕ್ಕಳು ಈ ಕ್ಷೇತ್ರಕ್ಕೆ ಬರಲೆಂದು ಪತ್ರಿಕೆ ಬರೆಯುವುದು ಸರಿಯೇ ಎಂದು ದಾವಣಗೆರೆಯಿಂದ ಕೇಳಿದ್ದೀರಿ. ಸರಿ ಎಂದೇ ನನ್ನ ಉತ್ತರ. ಆದರೆ ನಿಮ್ಮ ನೆಂಟರ ಮಾತನ್ನು ಮೊದಲು ತಿದ್ದಬೇಕಾಗಿದೆ. ಮರಳು ಜರಡಿ ಹಿಡಿಯುವುದು, ಇಟ್ಟಿಗೆ ಹೊರುವುದು, ಹೊಸ ಗೋಡೆಗೆ ನೀರುಣಿಸುವುದು, ಎಲ್ಲವೂ ಹೆಣ್ಣಾಳುಗಳ ಪಾಲಿಗೇ ಬಂದಿರುವ ಕೆಲಸ. ಅವರು ಈ ಕ್ಷೇತ್ರಕ್ಕೆ ಬಂದು ತಲೆಮಾರುಗಳಾದವು. ಗಾರೆ ಹೊರುವ ಬಾಂಡ್ಲಿಯಿಂದ ಗಾರೆ ಮೆತ್ತುವ ಕರಣೆಗೆ ಹೋಗುವ ದಾರಿ ಮಾತ್ರ ಅವರಿಗೆ ತೆರೆಯಲಿಲ್ಲ.

ನಮ್ಮ ಮನೆ ಕಟ್ಟುವಾಗ ಕಂಡದ್ದನ್ನು ಹೇಳುತ್ತೇನೆ. ಹನ್ನೆರಡು ವರ್ಷ ಗಾರೆ ಕಲಸಿದ್ದ ಒಬ್ಬ ಹೆಂಗಸು ಕಲಸಿದ್ದನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟು, 'ಇದಕ್ಕೆ ಇನ್ನು ನೀರು ಬೇಡ' ಎಂದರೆ ಸಾರವೆಯ ಮೇಲಿದ್ದ ಗಾರೆಯವನು ಮರುಮಾತಾಡದೆ ಒಪ್ಪುತ್ತಿದ್ದ. ಆಕೆಯ ಅಳತೆ ತಪ್ಪಿದ್ದನ್ನು ನಾನು ಕಾಣಲಿಲ್ಲ. ಆದರೂ ಶನಿವಾರದ ಬಟವಾಡೆಯಲ್ಲಿ, ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗನಿಗಿಂತ ಆಕೆಗೆ ಕಡಿಮೆ ಕೂಲಿ. ಕೇಳಿದರೆ ಮೇಸ್ತ್ರಿ, 'ಹೆಣ್ಣಾಳಿನ ರೇಟೇ ಅಷ್ಟು' ಎಂದರು. ಸಮಾನ ಕೆಲಸಕ್ಕೆ ಸಮಾನ ವೇತನ ಕೊಡಬೇಕೆಂದು 1976ರಲ್ಲೇ ಕಾನೂನು ಬಂದಿತ್ತು ಎಂಬುದು ನನಗೆ ತಿಳಿದಿತ್ತು. ಅಂದು ನಾನು ಸುಮ್ಮನಿದ್ದೆ. ಆ ಮೌನ ನನ್ನನ್ನು ಇಂದಿಗೂ ಕಾಡುತ್ತದೆ.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯಿದೆ, 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ 6 ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಕೊಠಡಿ ಇರಬೇಕೆಂದಿತು. ನಾಲ್ಕೈದು ಹೆಣ್ಣಾಳುಗಳಿರುವ ಸಣ್ಣ ಮನೆಗಳ ಕೆಲಸ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅಲ್ಲಿ ಮಗು ಮರಳಿನ ರಾಶಿಯ ಪಕ್ಕ ಸೀರೆಯ ಜೋಲಿಯಲ್ಲಿ ಮಲಗುತ್ತದೆ, ತಾಯಿಯ ಒಂದು ಕಣ್ಣು ಸದಾ ಅತ್ತಲೇ ಇರುತ್ತದೆ. ಹಾಗಿರುವಾಗ ಆಕೆ ಸಾರವೆ ಹತ್ತಿ ಪ್ಲಾಸ್ಟರಿಂಗ್ ಕಲಿಯುವುದಾದರೂ ಹೇಗೆ?

ಇನ್ನು ಓದಿದವರ ಮಾತು. ಶಕುಂತಲಾ ಭಗತ್ ಅವರು ಮುಂಬಯಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಪದವಿ ಪಡೆದದ್ದು 1953ರಲ್ಲಿ. ಮುಂದೆ ಅವರು ಸೇತುವೆಗಳನ್ನೇ ಕಟ್ಟಿದರು. ಜಮ್ಮು-ಕಾಶ್ಮೀರದಲ್ಲಿ ನದಿಯಿಂದ 359 ಮೀಟರ್ ಎತ್ತರದಲ್ಲಿ ನಿಂತಿರುವ ಚೆನಾಬ್ ರೈಲ್ವೆ ಸೇತುವೆಯ ಅಡಿಪಾಯ ಮತ್ತು ಇಳಿಜಾರಿನ ಭದ್ರತೆಗೆ ಸಂಬಂಧಿಸಿದಂತೆ ವರ್ಷಗಟ್ಟಲೆ ತಾಂತ್ರಿಕ ಸಲಹೆ ನೀಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ. ಅಗೆದಂತೆಲ್ಲ ಒಡಕು ಬಂಡೆ, ಪೊಳ್ಳು ಜಾಗಗಳು ಕಾಣಿಸಿಕೊಂಡಾಗ ಅದಕ್ಕೆ ತಕ್ಕಂತೆ ವಿನ್ಯಾಸವನ್ನೇ ಬದಲಿಸುತ್ತ ಹೋಗಬೇಕಾಯಿತು. ಇಂಥ ತೀರ್ಮಾನ ಸೈಟಿನ ಅನುಭವವಿಲ್ಲದೆ ಬರುವುದಿಲ್ಲ.

ಆದ್ದರಿಂದ ಮಗಳನ್ನು ತಡೆಯಬೇಡಿ. ಆಸ್ತಿ ಮೌಲ್ಯಮಾಪನ, ಎಸ್ಟಿಮೇಟ್, ನಕ್ಷೆ ತಯಾರಿಕೆ, ಎಲ್ಲವೂ ಗೌರವದ ಉದ್ಯೋಗಗಳೇ. ಅವಳೇ ಬಯಸಿದರೆ ಮುಂದೆ ಅತ್ತ ಹೋಗಲಿ. ಕೆಲಸಕ್ಕೆ ಸೇರುವ ಮುನ್ನ ಸೈಟಿನಲ್ಲಿ ನೀರಿರುವ, ಚಿಲಕವಿರುವ ಶೌಚಾಲಯವಿದೆಯೇ, ಕೆಲಸ ರಾತ್ರಿಯವರೆಗೆ ಎಳೆದರೆ ಮನೆಗೆ ತಲುಪಿಸುವ ವಾಹನವಿದೆಯೇ ಎಂದು ಅವಳೇ ಕೇಳಿ ತಿಳಿಯಲಿ. ಮೂರು ತಿಂಗಳಾದ ಮೇಲೆ 'ಬಿಸಿಲೇಕಮ್ಮ, ಆಫೀಸಿನಲ್ಲಿ ಬಿಲ್ ನೋಡಿಕೋ' ಎಂಬ ಅಕ್ಕರೆಯ ಮಾತು ಬರಬಹುದು. ಆಗ ಅವಳು ವಿನಯದಿಂದಲೇ, ಕಬ್ಬಿಣ ಕಟ್ಟಿದ್ದನ್ನು ಪರೀಕ್ಷಿಸುವ ದಿನವೂ ಮೋಲ್ಡ್ ಹಾಕುವ, ಅಂದರೆ ಚಾವಣಿಗೆ ಕಾಂಕ್ರೀಟ್ ಸುರಿಯುವ ದಿನವೂ ತಾನು ಸೈಟಿನಲ್ಲೇ ಇರಬೇಕೆಂದು ಹೇಳಲಿ.

— ಸಂಪಾದಕ