ಪಾರ್ಕಲ್ಲಿ ಲಗೋರಿ: ಜಗಳ ಮಕ್ಕಳದ್ದಲ್ಲ, ಚೆಂಡಿನದ್ದು

ಬಡಾವಣೆ ಪಾರ್ಕಲ್ಲಿ ಭಾನುವಾರ ಲಗೋರಿ ಆಡಿಸಲು ಅನುಮತಿ ಬೇಕಾ, ವಾಕಿಂಗ್‌ನವರು ಬೈದರೆ ಏನು ಮಾಡೋದು ಅಂತ ಕೇಳಿದ್ದೀರಿ.

ಬೆಂಗಳೂರಲ್ಲಿ ಬಡಾವಣೆ ಪಾರ್ಕುಗಳು ಹೆಚ್ಚಾಗಿ ಪಾಲಿಕೆಯವು. ಕಬ್ಬನ್ ಪಾರ್ಕ್, ಲಾಲ್‌ಬಾಗ್ ರಾಜ್ಯ ತೋಟಗಾರಿಕೆ ಇಲಾಖೆಯವು. ಪಾರ್ಕು ಯಾರದ್ದೋ ಅವರಿಗೇ ಒಂದು ಪುಟದ ಪತ್ರ ಕೊಡಿ: ಸಮಯ, ಮಕ್ಕಳ ಸಂಖ್ಯೆ, ‘ಮೈಕ್ ಇಲ್ಲ, ಶುಲ್ಕ ಇಲ್ಲ’. ಮೈಕ್ ಇಟ್ಟರೆ 2000ದ ಶಬ್ದಮಾಲಿನ್ಯ ನಿಯಮದಂತೆ ಬೇರೆಯೇ ಲಿಖಿತ ಅನುಮತಿ ಬೇಕು, ಆ ಗೋಜಿಗೆ ಹೋಗಬೇಡಿ.

ಗುರಿ ತಪ್ಪಿದ ಚೆಂಡು ಕಲ್ಲುಗಳ ಹಿಂದಕ್ಕೇ ಹಾರುತ್ತದೆ. ಹಾಗಾಗಿ ರಾಶಿಯನ್ನು ಕಾಂಪೌಂಡ್ ಗೋಡೆಗೆ ಹತ್ತಿರ ಇಡಿ, ಎಸೆಯುವವರು ನಡಿಗೆಪಥಕ್ಕೆ ಬೆನ್ನು ಹಾಕಿ ನಿಲ್ಲಲಿ. ಟೆನಿಸ್ ಚೆಂಡು ಬೇಡ, ಹಳೇ ಸಾಕ್ಸಿಗೆ ಬಟ್ಟೆ ತುರುಕಿ ಹೊಲಿದದ್ದು ಸಾಕು. ಅದು ಪುಟಿಯಲ್ಲ, ಬಡಿದರೂ ನೋಯಲ್ಲ. ಕಲ್ಲಿನ ಬದಲು ಮುಕ್ಕಾಲು ಇಂಚಿನ ಪ್ಲೈವುಡ್ಡಿನ 7 ಬಿಲ್ಲೆ ಕೊಯ್ಸಿ, ಕಡುಬಣ್ಣ ಬಳಿಯಿರಿ. ಹೊರಡುವಾಗ ಎಣಿಸಿ: ಹುಲ್ಲಲ್ಲಿ ಒಂದು ಉಳಿದರೂ ಕಟಾವು ಯಂತ್ರದ ಬ್ಲೇಡಿಗೆ ಸಿಕ್ಕುತ್ತೆ, ಮಾಲಿ ಮುನಿದರೆ ಪತ್ರವಿದ್ದೂ ಪ್ರಯೋಜನವಿಲ್ಲ.

ಬೆಳಗಿನ ವಾಕಿಂಗ್ ಭರಾಟೆ ಇಳಿದ ಮೇಲೆ, ಎಂಟೂವರೆಗೆ ಶುರುಮಾಡಿ. ಗೇಟು ಎಷ್ಟಕ್ಕೆ ಮುಚ್ಚುತ್ತಾರೆ ನೋಡಿಕೊಳ್ಳಿ.

ಇನ್ನು ಬೈಯುವ ಹಿರಿಯರು. ಬೆಂಚಿನ ಪಕ್ಕ ಸೀಮೆಸುಣ್ಣದಲ್ಲಿ 25 ಮನೆಯ ಚೌಕಾಬಾರ ಬರೆದು, 4 ಕವಡೆ ಇಟ್ಟು ನೋಡಿ.