ಮನೆಯಲ್ಲಿ ವಿಡಿಯೊ ಎಡಿಟಿಂಗ್‌ಗೆ ಮ್ಯಾಕ್ ತಗೊಳ್ಳಲೋ, ವಿಂಡೋಸ್ ಪಿಸಿಯೋ?

ಮಗಳ ಭರತನಾಟ್ಯ, ಮನೆಯ ಹಬ್ಬಗಳನ್ನು ಐಫೋನ್‌ನಲ್ಲಿ ಶೂಟ್ ಮಾಡ್ತೀರಿ, ಕಂಪ್ಯೂಟರ್ ಬಿಚ್ಚಿ ನೋಡುವ ಹುಚ್ಚಿಲ್ಲ ಅಂದಿದ್ದೀರಿ. ಹಾಗಿದ್ದರೆ ಕಣ್ಣು ಮುಚ್ಚಿಕೊಂಡು ಆಪಲ್‌ನ ಪುಟ್ಟ ಡೆಸ್ಕ್‌ಟಾಪ್ ಮ್ಯಾಕ್ ಮಿನಿ ತಗೊಳ್ಳಿ. ಆಪಲ್‌ನ ಎಡಿಟಿಂಗ್ ಆ್ಯಪ್ ಐಮೂವಿ ಉಚಿತ, ಏರ್‌ಡ್ರಾಪ್‌ನಲ್ಲಿ ಫೋನಿಂದ ಕ್ಲಿಪ್ ವೈರ್ ಇಲ್ಲದೆ ನೇರ ಬರುತ್ತೆ. ಫೋನಿನ 4ಕೆ ಕ್ಲಿಪ್‌ಗಳು ಸಾಮಾನ್ಯವಾಗಿ ಎಚ್‌ಇವಿಸಿ ಅನ್ನೋ, ವಿಡಿಯೊವನ್ನು ಕುಗ್ಗಿಸಿಡುವ ಫಾರ್ಮ್ಯಾಟ್‌ನಲ್ಲಿರುತ್ತವೆ. ಅದನ್ನು ಬಿಚ್ಚಿ ತೋರಿಸಲೆಂದೇ 2020ರ ಎಂ1ನಿಂದೀಚೆಗಿನ ಆಪಲ್ ಚಿಪ್‌ಗಳಲ್ಲಿ ಪ್ರತ್ಯೇಕ ಭಾಗ ಇದೆ. ಹಾಗಾಗಿ ಕ್ಲಿಪ್ ಜೋಡಿಸುವ ಟೈಮ್‌ಲೈನ್ ಪಟ್ಟಿಯಲ್ಲಿ ಹಿಂದೆ ಮುಂದೆ ಎಳೆದರೆ ಚಿತ್ರ ತಡವರಿಸಲ್ಲ.

ಆದರೆ ರ‍್ಯಾಮ್ ಆಮೇಲೆ ಹಾಕಿಸೋಕಾಗಲ್ಲ, ಕೊಳ್ಳುವಾಗಲೇ 16 ಜಿಬಿ ಇರಲಿ. ಹೆಚ್ಚುವರಿ ಸ್ಟೋರೇಜ್‌ಗೆ ಆಪಲ್ ಕೇಳುವ ದುಡ್ಡು ನನ್ನ ಪ್ರಕಾರ ಅನ್ಯಾಯ. ಕಡಿಮೆಯದ್ದೇ ತಗೊಂಡು, ಹೊರಗಿಂದ ಎಸ್‌ಎಸ್‌ಡಿ ಹಾಕಿ. ಅದನ್ನು ಎಕ್ಸ್‌ಫ್ಯಾಟ್ ಅನ್ನೋ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್‌ನಲ್ಲೂ ಓದುತ್ತೆ.

ಮುಂದೆ ಕಲರ್ ಗ್ರೇಡಿಂಗ್ (ವಿಡಿಯೊದ ಬಣ್ಣ ತಿದ್ದೋದು), ಗೇಮಿಂಗ್ ಎರಡೂ ಬೇಕಾದರೆ ಮಾತ್ರ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡ್‌ಗೆ ಹೋಗಿ ಪಿಸಿ ಅಸೆಂಬಲ್ ಮಾಡಿಸಿ. ನಾಲ್ಕು ಅಂಗಡಿ ವಿಚಾರಿಸದೆ ಅಡ್ವಾನ್ಸ್ ಕೊಡಬೇಡಿ. ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿದ್ದರೂ ಪರವಾಗಿಲ್ಲ, ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿರಲಿ. ಬಣ್ಣ ತಿದ್ದೋಕೆ ಬಳಸುವ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಆ ಕಾರ್ಡನ್ನೇ ಹೆಚ್ಚು ದುಡಿಸಿಕೊಳ್ಳುತ್ತೆ. ರಿಸಾಲ್ವ್‌ನ ಉಚಿತ ಆವೃತ್ತಿಯೇ ಮನೆಗೆ ಧಾರಾಳ.

ಮಳೆ ಹನಿದರೆ ಕರೆಂಟ್ ಹೋಗುವ ಏರಿಯಾ ಆದರೆ, ಯಾವುದೇ ತಗೊಂಡರೂ ಯುಪಿಎಸ್ ಬೇಕೇ ಬೇಕು.