ಗುಡಿಸಿದ ಬೀಚಿಗೆ ಮತ್ತೆ ಕಸ ಎಲ್ಲಿಂದ?

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರದ ಊರು. ಮೇ ತಿಂಗಳಲ್ಲಿ ಹುಡುಗರೆಲ್ಲ ಸೇರಿ ಬೀಚ್ ಚೊಕ್ಕ ಮಾಡುತ್ತೇವೆ. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದರೆ ಸಾಕು, ಮತ್ತೆ ರಾಶಿ ಕಸ. ಇದೆಲ್ಲ ಎಲ್ಲಿಂದ ಬರುತ್ತದೆ? ಕಡಲಾಮೆ ಪ್ಲಾಸ್ಟಿಕ್ ತಿನ್ನುವುದು ನಿಜವೇ?

ಉತ್ತರ: ಪ್ರವಾಸಿಗರನ್ನು ಬೈದು ಸುಮ್ಮನಾಗುವುದು ಸುಲಭ. ಆದರೆ ಮಳೆಗಾಲದಲ್ಲಿ ಬೀಚಿಗೆ ಯಾರು ಬರುತ್ತಾರೆ ಹೇಳಿ? ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ಹೊಳೆಗಳು ನಿಮ್ಮ ಗಂಗೊಳ್ಳಿ ಅಳಿವೆಯಲ್ಲಿ ಕಡಲು ಸೇರುತ್ತವೆ. ಕೊಲ್ಲೂರಿನಲ್ಲಿ ತೋಡಿಗೆ ಬಿದ್ದ ಬಾಟಲಿಗೂ ಅದೇ ದಾರಿ. ಪಡುವಣ ಗಾಳಿ ಅದನ್ನು ತಿರುಗಿ ದಡಕ್ಕೆ ತಳ್ಳುತ್ತದೆ.

ಮುಂದಿನ ಸಲ ಒಂದು ಬಾಟಲಿ ಎತ್ತಿ ತಿರುಗಿಸಿ ನೋಡಿ. ಮೈಗೆ ಸಣ್ಣ ಸಣ್ಣ ಚಿಪ್ಪಿನ ಜೀವಿಗಳು ಕಚ್ಚಿಕೊಂಡಿದ್ದರೆ ಅದು ವಾರಗಟ್ಟಲೆ ಕಡಲಲ್ಲಿ ತೇಲಿದ ಮಾಲು. ನುಣ್ಣಗಿದ್ದರೆ ಹೆಚ್ಚಾಗಿ ಈಗಷ್ಟೇ ಹೊಳೆಯಿಂದ ಇಳಿದದ್ದು. ಇನ್ನು ಕೆಲವು ನಿಮ್ಮ ಕಾಲ ಕೆಳಗೇ ಇದ್ದವು. ಮಳೆಗಾಲದ ಅಲೆ ಮರಳು ಕೊರೆದಾಗ ಹಿಂದೆ ಹೂತದ್ದು ಮೇಲೆ ಬರುತ್ತದೆ.

ಆಮೆ ತಿನ್ನುವುದು ನಿಜ. ತೇಲುವ ಕವರ್ ಜೆಲ್ಲಿಫಿಶ್‌ನಂತೆ ಕಾಣುತ್ತದೆ ಅನ್ನುವುದು ಅರ್ಧ ಕತೆ ಅಷ್ಟೇ. ನೀರಲ್ಲಿ ನೆನೆದು ಪಾಚಿ ಹಿಡಿದ ಪ್ಲಾಸ್ಟಿಕ್‌ಗೆ ಆಹಾರದ ವಾಸನೆಯೂ ಬರುತ್ತದೆ. ಕಡಲಾಮೆಗಳು ಆ ವಾಸನೆಗೆ ಮೂಗೆತ್ತುತ್ತವೆ ಎಂದು 2020ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಸಾಲದ್ದಕ್ಕೆ ಆಮೆಯ ಗಂಟಲ ತುಂಬ ಹೊಟ್ಟೆಯ ಕಡೆಗೆ ಬಾಗಿದ ಮುಳ್ಳುಗಳು. ಜಾರುವ ಜೆಲ್ಲಿಫಿಶ್ ಹಿಡಿಯಲು ಅನುಕೂಲ. ಆದರೆ ಒಳಗೆ ಹೋದ ಕವರ್ ವಾಪಸ್ ಬರುವುದು ಕಷ್ಟ. ಹೊಟ್ಟೆ ಪ್ಲಾಸ್ಟಿಕ್‌ನಿಂದ ತುಂಬಿ ಹಸಿವೇ ಸತ್ತುಹೋಗುತ್ತದೆ.

ಆದರೂ ನನ್ನ ಹೆಚ್ಚಿನ ಚಿಂತೆ ತುಂಡು ಬಲೆಯದ್ದು. ನೈಲಾನ್ ಬಲೆ ಕೊಳೆಯುವುದಿಲ್ಲ. ಬೋಟಿನಿಂದ ಕಳಚಿದ ಮೇಲೂ ಮೀನು, ಆಮೆ ಎಲ್ಲವನ್ನೂ ಹಿಡಿಯುತ್ತಲೇ ಇರುತ್ತದೆ. ಆಮೆಗೆ ಉಸಿರಾಡಲು ಮೇಲೆ ಬರಲೇಬೇಕು, ಅಲ್ವಾ? ಬಲೆ ಬಿಡದಿದ್ದರೆ ಮುಳುಗಿ ಸಾಯುತ್ತದೆ. ಹಾಗಾಗಿ ಕೈ ಕಡಿಮೆ ಇದ್ದ ದಿನ ಬಾಟಲಿ ಬಿಡಿ, ಬಲೆ ಹೆಕ್ಕಿ. ಚಳಿಗಾಲದಲ್ಲಿ ಆಮೆ ಮೊಟ್ಟೆ ಇಡುವ ಜಾಗಕ್ಕೆ ಮಾತ್ರ ಜೆಸಿಬಿ ಇಳಿಸಬೇಡಿ.

ಬಲೆಗೆ ಸಿಕ್ಕ ಆಮೆ ಜೀವಂತ ಕಂಡರೆ ಬಲೆ ಎಳೆಯಬೇಡಿ, ರೆಕ್ಕೆ ಸೀಳುತ್ತದೆ. ಹಾಗೇ ಕಡಲಿಗೆ ತಳ್ಳಲೂ ಬೇಡಿ. ನೆರಳು ಮಾಡಿ, ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮೂಗು ಮುಚ್ಚದಂತೆ ನೋಡಿಕೊಂಡು ಅರಣ್ಯ ಇಲಾಖೆಗೆ ಫೋನ್ ಮಾಡಿ.